ಹಿತ್ತಲ ಈಜುಕೊಳ: 9,000 ಕೊಟ್ಟರೂ ನೀರು ಹಸಿರೇಕೆ?

ಪ್ರಶ್ನೆ: ಮೈಸೂರಿನ ಬೋಗಾದಿ ಕಡೆ ಮನೆ ಕಟ್ಟಿಸಿದಾಗ ಮಗನ ಆಸೆಯಂತೆ ಹಿತ್ತಲಲ್ಲಿ ಈಜುಕೊಳ ಮಾಡಿಸಿದೆವು. 8 ಮೀಟರ್ ಉದ್ದ, 4 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳ. ಕೊಳವೆಬಾವಿಯ ನೀರು. ನಿರ್ವಹಣೆಯವರಿಗೆ ರಾಸಾಯನಿಕವೂ ಸೇರಿ ತಿಂಗಳಿಗೆ 9,000 ರೂಪಾಯಿ ಕೊಡುತ್ತೇವೆ. ವಾರಕ್ಕೆ ಎರಡು ಸಲ ಹುಡುಗನೊಬ್ಬ ಬಂದು ಹೋಗುತ್ತಾನೆ. ಆದರೂ ಬೇಸಿಗೆಯಲ್ಲಿ ನೀರು ಹಸಿರಾಗುತ್ತದೆ. ನನಗೆ 63 ವರ್ಷ, ಬ್ಯಾಂಕಿನಿಂದ ನಿವೃತ್ತ. ನಾವೇ ನೋಡಿಕೊಂಡರೆ ಎಷ್ಟು ಉಳಿದೀತು? ತೋಟದ ಕೆಲಸಕ್ಕೆ ಬರುವವರು ಅರ್ಧ ದಿನಕ್ಕೆ 500 ರೂಪಾಯಿ ಪಡೆಯುತ್ತಾರೆ. ಅವರಿಂದ ಮಾಡಿಸಬಹುದೆ?

ಉತ್ತರ: ಮಾಡಿಸಬಹುದು, ಆದರೆ ಎಲ್ಲವನ್ನೂ ಅಲ್ಲ. ಉಜ್ಜುವ ಕೆಲಸ ಅವರಿಗಿರಲಿ, ನೀರಿನ ಲೆಕ್ಕ ನಿಮ್ಮದಾಗಲಿ.

ನಿಮ್ಮ ಕೊಳದಲ್ಲಿರುವುದು ಸುಮಾರು 41,600 ಲೀಟರ್. ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಸದಾ ಇರಬೇಕು. ಮೈಸೂರಿನ ಏಪ್ರಿಲ್ ಬಿಸಿಲಿಗೆ, ರಕ್ಷಣೆಯಿಲ್ಲದ ಕ್ಲೋರಿನ್ ಕೆಲವೇ ಗಂಟೆಗಳಲ್ಲಿ ಬಹುಪಾಲು ಹಾರಿಹೋಗುತ್ತದೆ. ಹುಡುಗ ಸೋಮವಾರ ಹಾಕಿದ್ದು ಗುರುವಾರದವರೆಗೆ ಹೇಗೆ ಉಳಿದೀತು? ಆ ನಡುವಿನ ದಿನಗಳೇ ಪಾಚಿಗೆ ಹಬ್ಬ. ಹುಡುಗನ ಮೇಲೆ ಸಿಟ್ಟಾಗಬೇಡಿ. ದಿನವೂ ಆಗಬೇಕಾದ ಕೆಲಸವನ್ನು ವಾರಕ್ಕೆ ಎರಡು ಸಲಕ್ಕೆ ಒಪ್ಪಿಕೊಂಡಿರುವುದೇ ತೊಂದರೆ.

ಈಗ ಲೆಕ್ಕ. ಶೇ 65ರ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಪುಡಿ 64 ಗ್ರಾಂ ಹಾಕಿದರೆ ನಿಮ್ಮ ಕೊಳದಲ್ಲಿ ಕ್ಲೋರಿನ್ ಲೀಟರಿಗೆ 1 ಮಿಲಿಗ್ರಾಂ ಏರುತ್ತದೆ. ದಿನಕ್ಕೆ 100 ಗ್ರಾಂ ಎಂದಿಟ್ಟುಕೊಂಡರೂ ತಿಂಗಳಿಗೆ 3 ಕೆ.ಜಿ. ಇದಕ್ಕೆ ನೀರಿನ ಕ್ಷಾರ ತಗ್ಗಿಸುವ ಆಸಿಡ್, ಪರೀಕ್ಷೆಯ ದ್ರಾವಣ ಸೇರಿಸಿ 1,500 ರೂಪಾಯಿ ಎತ್ತಿಡಿ. ವಾರಕ್ಕೊಮ್ಮೆ ಗೋಡೆ ಉಜ್ಜಿ, ತಳದ ಕಸ ಎಳೆಯುವವರಿಗೆ 2,000. ಒಟ್ಟು 3,500. ಉಳಿಯುವ 5,500ನ್ನು ಪೂರ್ತಿ ಉಳಿತಾಯವೆಂದು ಬರೆದುಕೊಳ್ಳಬೇಡಿ. ತಿಂಗಳಿಗೆ ಸಾವಿರವಾದರೂ ಪಂಪ್ ರಿಪೇರಿಗೆಂದು ಬೇರೆ ತೆಗೆದಿಡಿ. ಫಿಲ್ಟರಿನ ಮರಳನ್ನು ಐದಾರು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಅದನ್ನೂ ಪಂಪಿನ ಸೀಲನ್ನೂ ಕಸುಬು ಬಲ್ಲವರಿಗೇ ಬಿಡಿ.

ವಿದ್ಯುತ್ತನ್ನು ನಾನು ಈ ಲೆಕ್ಕಕ್ಕೆ ತರಲಿಲ್ಲ, ಏಕೆಂದರೆ ಯಾರು ನೋಡಿಕೊಂಡರೂ ಆ ಬಿಲ್ ನಿಮ್ಮದೇ. ಒಂದು ಎಚ್‌ಪಿ ಪಂಪ್ ಗಂಟೆಗೆ ಸುಮಾರು ಒಂದು ಯೂನಿಟ್ ಎಳೆಯುತ್ತದೆ. ದಿನಕ್ಕೆ 6 ಗಂಟೆಯಾದರೆ ತಿಂಗಳಿಗೆ 180 ಯೂನಿಟ್. ಮನೆಯ ಬಳಕೆಯೂ ಸೇರಿ 200 ದಾಟಿದರೆ ಗೃಹಜ್ಯೋತಿಯ ರಿಯಾಯಿತಿ ಆ ತಿಂಗಳು ಇಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಆದ್ದರಿಂದ ಪಂಪ್ ಎಷ್ಟು ಹೊತ್ತು ಓಡುತ್ತಿದೆಯೆಂದು ಟೈಮರ್ ನೋಡಿ. ಗಂಟೆಗೆ ಹತ್ತು ಸಾವಿರ ಲೀಟರ್ ಸಾಗಿಸುವ ಪಂಪ್ ನಾಲ್ಕೂವರೆ ಗಂಟೆಯೊಳಗೆ ನಿಮ್ಮ ಕೊಳದ ನೀರಷ್ಟನ್ನೂ ಒಂದು ಸುತ್ತು ಶೋಧಿಸುತ್ತದೆ. ಇಡೀ ರಾತ್ರಿ ಓಡಿಸುವುದು ದುಂದು.

ಬೆಳಿಗ್ಗೆ ಹತ್ತು ನಿಮಿಷ ನಿಮ್ಮದು. ಪರೀಕ್ಷೆಯ ಪೆಟ್ಟಿಗೆಯಲ್ಲಿ ಎರಡು ಪುಟ್ಟ ಕೊಳವೆಗಳಿರುತ್ತವೆ. ಮೊಣಕೈ ಆಳದಿಂದ ನೀರು ತುಂಬಿಕೊಳ್ಳಿ, ಮೇಲ್ಪದರದ್ದು ಬೇಡ. ಹನಿ ಹಾಕಿ, ಬಿಳಿ ಗೋಡೆಯ ಎದುರು ಹಿಡಿದು ನೋಡಿ. ಒಂದರ ಹಳದಿ ಕ್ಲೋರಿನ್ ತಿಳಿಸುತ್ತದೆ. ಇನ್ನೊಂದರ ಕಿತ್ತಳೆ-ಕೆಂಪು ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಮಟ್ಟ, ತಿಳಿಸುತ್ತದೆ, ಅದು 7.2ರಿಂದ 7.6ರೊಳಗಿರಲಿ. ಬಣ್ಣ ಕಡುಗೆಂಪಿಗೆ ತಿರುಗಿದರೆ ಪಿಎಚ್ ಏರಿದೆ, ನೀವು ಹಾಕಿದ ಕ್ಲೋರಿನ್ ಅರ್ಧಂಬರ್ಧ ಕೆಲಸ ಮಾಡುತ್ತಿದೆ ಎಂದರ್ಥ. ಮೂಗಿಗೆ ರಾಚುವ ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಯಿತೆಂದು ಹಲವರು ಹಾಕುವುದನ್ನೇ ನಿಲ್ಲಿಸುತ್ತಾರೆ. ಸಾಮಾನ್ಯವಾಗಿ ಅದು ಕಡಿಮೆಯಾದಾಗಲೇ, ಬೆವರು ಮೂತ್ರಗಳೊಂದಿಗೆ ಕೂಡಿ, ಹಾಗೆ ನಾರುವುದು.

ಪುಡಿಯನ್ನು ಸಂಜೆ ಹಾಕಿ. ಬಕೆಟ್ಟಿಗೆ ಮೊದಲು ನೀರು, ಆಮೇಲೆ ಪುಡಿ. ಆಸಿಡ್ಡನ್ನೂ ಕ್ಲೋರಿನ್ ಪುಡಿಯನ್ನೂ ಒಂದೇ ಬಕೆಟ್ಟಿನಲ್ಲಿ ಬೆರೆಸಬೇಡಿ, ಒಂದೇ ಕಪಾಟಿನಲ್ಲಿ ಇಡಲೂ ಬೇಡಿ. ಹೊರಬರುವ ಅನಿಲ ಪ್ರಾಣ ತೆಗೆಯಬಲ್ಲದು. ಕುಡಿಯುವ ನೀರಿನ ಶುದ್ಧೀಕರಣ ಘಟಕದಲ್ಲಿ ವರ್ಷಗಟ್ಟಲೆ ದುಡಿದವನು ನಾನು, ಇದನ್ನು ಹಗುರವಾಗಿ ಹೇಳುತ್ತಿಲ್ಲ. ಬರಿಗೈಯಲ್ಲಿ ಆಸಿಡ್ ಸುರಿಯುವ ಹುಡುಗರನ್ನು ಕಂಡಾಗಲೆಲ್ಲ ಸಂಕಟವಾಗುತ್ತದೆ. ತೋಟದವರನ್ನು ಕರೆಯುವ ಮೊದಲು ರಬ್ಬರ್ ಕೈಗವಸು, ಕಣ್ಣಿಗೆ ಕನ್ನಡಕ ತಂದಿಡಿ. ಆಸಿಡ್ ಕ್ಯಾನನ್ನು ಅವರ ಕೈಗೆ ಕೊಡಲೇಬೇಡಿ.

ಊರಿಗೆ ಹೋಗುವ ತಿಂಗಳುಗಳಲ್ಲಿ ಮಾತ್ರ ಸಂಸ್ಥೆಯವರನ್ನು ಕರೆಯಿರಿ, ಆಗಲೂ ದಿನ ಬಿಟ್ಟು ದಿನ ಬರಬೇಕೆಂದು ಕರಾರು ಮಾಡಿಕೊಳ್ಳಿ. ಖರ್ಚು ಉಳಿಯಲೆಂದು ಮಳೆಗಾಲದಲ್ಲಿ ಕೊಳ ಖಾಲಿ ಮಾಡಬೇಡಿ. ಅಂತರ್ಜಲ ಏರಿದರೆ ಬರಿದಾದ ಕೊಳವನ್ನೇ ಕೆಳಗಿನಿಂದ ಎತ್ತಿ ಬಿರುಕು ಬಿಡಿಸುತ್ತದೆ.

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮದು ಹೋಂಸ್ಟೇ. ಈಜುಕೊಳಕ್ಕೆ ಅಗ್ಗದ ಬ್ಲೀಚಿಂಗ್ ಪುಡಿ ಸಾಲದೆ? ನೋಡಿಕೊಳ್ಳಲು ಆಳು ಬೇಕೆ?

ಉತ್ತರ: ಬ್ಲೀಚಿಂಗ್ ಪುಡಿಯಲ್ಲಿ ಕ್ಲೋರಿನ್ ಸುಮಾರು ಮೂರನೆಯ ಒಂದು ಭಾಗ, ಉಳಿದದ್ದು ಹೆಚ್ಚಾಗಿ ಸುಣ್ಣ. ನೀರು ಕದಡುತ್ತದೆ, ಫಿಲ್ಟರ್ ಕಟ್ಟಿಕೊಳ್ಳುತ್ತದೆ. ನಿಮ್ಮಲ್ಲಿನ ಮಳೆಗಾಲದ ತೇವಕ್ಕೆ ಚೀಲದಲ್ಲಿದ್ದಂತೆಯೇ ಸತ್ವ ಕಳೆದುಕೊಳ್ಳುತ್ತದೆ. ಅಗ್ಗವೆನಿಸಿದ್ದು ದುಬಾರಿಯಾಗುತ್ತದೆ.

ಆಳಿನ ವಿಷಯದಲ್ಲಿ ನಿಮಗೆ ಕೊಡುವ ಸಲಹೆ ಬೇರೆಯೇ. ಅತಿಥಿಗಳ ಮಕ್ಕಳು ಇಳಿಯುವ ಕೊಳವದು. ಈಜು ಬಲ್ಲ, ಮುಳುಗಿದವರನ್ನು ಮೇಲೆತ್ತಲು ತರಬೇತಿ ಪಡೆದ ಒಬ್ಬರನ್ನು ಪೂರ್ಣ ಸಂಬಳ ಕೊಟ್ಟು ಇಟ್ಟುಕೊಳ್ಳಿ. ನೀರಿನ ಪರೀಕ್ಷೆಯನ್ನೂ ಅವರೇ ಮಾಡಲಿ. ಅವರಿಲ್ಲದ ಹೊತ್ತಿನಲ್ಲಿ ಕೊಳದ ಗೇಟಿಗೆ ಬೀಗ ಹಾಕಿರಬೇಕು.