ಎಲ್ಲರಿಗೂ ರಕ್ಷಣೆ: 553ರಲ್ಲಿ ಖಂಡಿಸಿದ್ದು ಏನನ್ನು?

ರಾಬರ್ಟ್‌ಸನ್‌ಪೇಟೆಯ ಓದುಗರೊಬ್ಬರ ಪತ್ರ: “ನಮ್ಮ ಬೈಬಲ್ ಸ್ಟಡಿಯಲ್ಲಿ ಸ್ನೇಹಿತರೊಬ್ಬರು, ಆದಾಮನಲ್ಲಿ ಎಲ್ಲರೂ ಬಿದ್ದ ಮೇಲೆ ಕ್ರಿಸ್ತನಲ್ಲಿ ಎಲ್ಲರೂ ಏಳಲೇಬೇಕು, ನರಕವೂ ಒಂದು ದಿನ ಬರಿದಾಗುತ್ತದೆ ಎಂದರು. ಅಯ್ಯನವರು, ಅದು 553ರಲ್ಲೇ ಖಂಡಿಸಿದ ದುರ್ಬೋಧನೆ ಎಂದು ಮಾತು ನಿಲ್ಲಿಸಿದರು. ಯಾರು ಸರಿ?”

ಸಂಪಾದಕರ ಉತ್ತರ: ಅಯ್ಯನವರು ಹೇಳಿದ ಇಸವಿ ಸರಿ. ಆದರೆ ಆ ವರ್ಷ ಬಿಷಪ್‌ಗಳು ಸೇರಿದ್ದ ಕಾನ್‌ಸ್ಟಾಂಟಿನೋಪಲ್ ಸಮಾವೇಶದ ಹೆಸರಿನಲ್ಲಿ ಉಳಿದಿರುವ 15 ಖಂಡನೆಗಳಲ್ಲಿ ಮೊದಲನೆಯದನ್ನೇ ಓದಿ. ಆತ್ಮಗಳು ದೇಹಕ್ಕಿಂತ ಮುಂಚೆಯೇ ಇದ್ದವು ಎಂಬುದನ್ನೂ ಅದರಿಂದ ಹುಟ್ಟುವ ಪುನಃಸ್ಥಾಪನೆಯನ್ನೂ (ಕೊನೆಗೆ ಎಲ್ಲವೂ ದೇವರಿಗೆ ಮರಳುತ್ತವೆ ಎಂಬುದನ್ನು) ಒಂದೇ ಗಂಟಾಗಿ ಕಟ್ಟಿ ಎಸೆದಿದ್ದಾರೆ. ಆ ಗಂಟು ಮೂರನೇ ಶತಮಾನದ ಕ್ರೈಸ್ತ ಪಂಡಿತ ಒರಿಜೆನರ ಹೆಸರಿನದು. ದೇವರ ಮೇಲಿನ ಪ್ರೀತಿ ಆರಿ ಚೇತನಗಳು ಬಿದ್ದವು, ಬಿದ್ದವಕ್ಕೆ ಈ ದೇಹ ಬಂತು. ಕೊನೆ ಆದಿಯಂತೆಯೇ ಇರಬೇಕಾದ್ದರಿಂದ ಎಲ್ಲವೂ ಮರಳುತ್ತವೆ ಎನ್ನುವುದು ಅದರ ಲೆಕ್ಕ. ಆದಿಕಾಂಡಕ್ಕೆ ಇದು ಒಗ್ಗುವುದಿಲ್ಲ. ಅಲ್ಲಿ ಮಣ್ಣಿನ ದೇಹ ಮೊದಲು, ಬೀಳುವುದು ಆಮೇಲೆ.

ನಿಸ್ಸಾದ ಬಿಷಪ್ ಗ್ರೆಗರಿಯವರು ನಾಲ್ಕನೇ ಶತಮಾನದಲ್ಲೇ ಆ ಗಂಟನ್ನು ಬಿಚ್ಚಿದ್ದರು. ಆತ್ಮಗಳ ಪೂರ್ವಜೀವನವನ್ನು ತಳ್ಳಿಹಾಕಿದರು, ಪುನಃಸ್ಥಾಪನೆಯನ್ನು ಉಳಿಸಿಕೊಂಡರು. ಅವರನ್ನು ಯಾರೂ ಖಂಡಿಸಲಿಲ್ಲ, ಇಂದಿಗೂ ಸಂತರೇ. ಕಿಟ್ಟ ಬೆರೆತ ಚಿನ್ನವನ್ನು ಬೆಂಕಿಗಿಟ್ಟರೆ ಕಿಟ್ಟ ಸುಡುವ ತನಕ ಚಿನ್ನವೂ ಉರಿಯಲ್ಲೇ ಇರಬೇಕು, ಕಿಟ್ಟ ಎಷ್ಟೋ ನೋವು ಅಷ್ಟು ಎನ್ನುತ್ತಾರೆ ಅವರು. ಕೆಜಿಎಫ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ನಿಮ್ಮ ಸ್ನೇಹಿತರ ವಿಷಯ. ಅವರು 1 ಕೊರಿಂಥ 15:22ಕ್ಕೇ ಪುಸ್ತಕ ಮುಚ್ಚಿದಂತಿದೆ. 23ನೇ ವಚನ ‘ಕ್ರಿಸ್ತನವರು’ ಎಂದು ಬೇರೆ ಸಾಲು ಹಾಕುತ್ತದೆ. ರೋಮ 5:18ರಲ್ಲಿ ‘ಎಲ್ಲರು’ ಇದ್ದರೆ 17ರಲ್ಲಿ ‘ಹೊಂದಿದವರು’ ಇದ್ದಾರೆ. ಹಾಗೆಂದು 19ರ ‘ಅನೇಕರು’ ಹಿಡಿದು ಅವರನ್ನು ಸೋಲಿಸಲು ಹೋಗಬೇಡಿ. ಆದಾಮನಿಂದ ಪಾಪಿಗಳಾದವರೂ ಅಲ್ಲಿ ‘ಅನೇಕರು’ ತಾನೆ?

ನರಕ ಬರಿದಾಗದು ಎನ್ನಲು ತೋರಿಸುವ ಮತ್ತಾಯ 25:46ರ ‘ನಿತ್ಯ’ವೂ ಅಷ್ಟು ಸಲೀಸಲ್ಲ. ಆ ಗ್ರೀಕ್ ಪದ ಅಯೋನಿಯೋಸ್. ಅದೇ ಪದ ರೋಮ 16:25ರಲ್ಲಿ ಮುಗಿದುಹೋದ ಕಾಲಗಳಿಗೂ ಮರುವಚನದಲ್ಲೇ ದೇವರಿಗೂ ಬಂದಿದೆ. ಆದರೆ ಒಂದೇ ವಾಕ್ಯದಲ್ಲಿ ದಂಡನೆಗೂ ಜೀವಕ್ಕೂ ಅದನ್ನೇ ಹಚ್ಚಿರುವಾಗ ಒಂದನ್ನು ಮೊಟಕುಮಾಡಿ ಇನ್ನೊಂದನ್ನು ಬಿಡುವುದು ಹೇಗೆ ಎಂದು ಐದನೇ ಶತಮಾನದಲ್ಲಿ ಲ್ಯಾಟಿನ್ ಬಿಷಪ್ ಅಗಸ್ಟೀನರು ಕೇಳಿದರು. ನನಗೆ ಆ ಪ್ರಶ್ನೆ ಇನ್ನೂ ಗಟ್ಟಿಯಾಗಿಯೇ ಕಾಣುತ್ತದೆ.

ಇಲ್ಲೊಂದು ತಮಾಷೆ ಇದೆ. ಕೊರಿಂಥದಲ್ಲಿರುವುದು ಆದಾಮನಲ್ಲಿ ಎಲ್ಲರೂ ‘ಸಾಯುತ್ತಾರೆ’ ಎಂದು. ‘ಬಿದ್ದರು’ ಎಂಬುದು ಬಲಗೊಂಡದ್ದು ರೋಮ 5:12ರ ಲ್ಯಾಟಿನ್ ಪಾಠದಿಂದ. ಗ್ರೀಕಿನಲ್ಲಿ ‘ಎಲ್ಲರೂ ಪಾಪಮಾಡಿದ್ದರಿಂದ’ ಎಂಬ ಅರ್ಥವಿರುವುದನ್ನು ಅಗಸ್ಟೀನರು ‘ಅವನಲ್ಲಿ ಎಲ್ಲರೂ ಪಾಪಮಾಡಿದರು’ ಎಂದು ಓದಿದರು. ನರಕ ಬರಿದಾಗುತ್ತದೆ ಎನ್ನುವ ನಿಮ್ಮ ಸ್ನೇಹಿತರು ನಿಂತಿರುವುದು ಅದು ಎಂದೂ ಬರಿದಾಗದು ಎಂದವರ ಹಲಗೆಯ ಮೇಲೆ.