ದೀರ್ಘಕಾಲದ ಕಾಯಿಲೆ ಇರುವ ಮಕ್ಕಳ ಮನಸ್ಸಿನ ಬಗ್ಗೆ ಪಿಎಚ್‌ಡಿ ಮಾಡಬೇಕು, ಶಿವಮೊಗ್ಗದಲ್ಲೇ ಇದ್ದು ಆಗುತ್ತದಾ?

ನೀವು ಬರೆದಿರುವುದು ಇಷ್ಟು: ಎಂ.ಎಸ್ಸಿ. ಸೈಕಾಲಜಿ ಮುಗಿದಿದೆ, ಶುಗರ್, ಫಿಟ್ಸ್, ರಕ್ತದ ಕಾಯಿಲೆಯಂಥ ತೊಂದರೆಗಳಿರುವ ಮಕ್ಕಳ ಬಗ್ಗೆ ಸಂಶೋಧನೆ ಮಾಡುವ ಆಸೆ ಇದೆ, ಮನೆಯ ಜವಾಬ್ದಾರಿಯಿಂದ ಬೆಂಗಳೂರಿಗೆ ಹೋಗಿ ಇರುವಂತಿಲ್ಲ. ಪರಿಚಯದ ಮೇಷ್ಟ್ರೊಬ್ಬರು "ಆಸ್ಪತ್ರೆಯ ಸಹವಾಸ ಬೇಡ, ಕಾಲೇಜು ಹುಡುಗರ ಮೊಬೈಲ್ ಚಟ ತಗೊಳ್ಳಿ, ಡೇಟಾ ಬೇಗ ಸಿಗುತ್ತೆ" ಅಂದಿದ್ದಾರೆ.

ಇಲ್ಲೇ ಇದ್ದು ಆಗುತ್ತದೆ. ಆದರೆ ರಿಜಿಸ್ಟ್ರೇಷನ್‌ಗೆ ಅವಸರ ಬೇಡ. ಮೊದಲು ಯಾವುದಾದರೂ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಅನುಮತಿ ಕೇಳಿ ಕೆಲವು ತಿಂಗಳು ಕೂತು ನೋಡಿ, ವಿಷಯ ಅಲ್ಲಿಂದ ಬರಲಿ. ನಾನು ತೀರ್ಥಹಳ್ಳಿ ಕಡೆಯವಳು. ಕ್ಲಿನಿಕಲ್ ಸೈಕಾಲಜಿಯಲ್ಲಿ ಎಂ.ಫಿಲ್. ಮುಗಿಸಿ ಆಮೇಲೆ ಪಿಎಚ್‌ಡಿ ಮಾಡಿದೆ, ಈಗ ಮಕ್ಕಳ ಡಾಕ್ಟರುಗಳ ಜೊತೆ ಕೆಲಸ ಮಾಡುತ್ತಿದ್ದೇನೆ. ಪುಸ್ತಕದಿಂದ ಆರಿಸಿದ ವಿಷಯ ಎರಡನೇ ವರ್ಷಕ್ಕೆ ಸಪ್ಪೆಯಾಗುತ್ತದೆ. ವಾರ್ಡಿನಿಂದ ಬಂದ ವಿಷಯ ಆರು ವರ್ಷವಾದರೂ ಬಿಡುವುದಿಲ್ಲ.

ಮೊದಲು ಒಂದು ವ್ಯತ್ಯಾಸ ತಿಳಿದಿರಲಿ. ಮಕ್ಕಳ ಮನೋವಿಜ್ಞಾನ ಅಂದರೆ ಆಟಿಸಂ, ಕಲಿಕೆಯ ತೊಂದರೆ, ಹಠ, ಭಯ ಎಂದೇ ನಮ್ಮಲ್ಲಿ ಹೆಚ್ಚಿನವರ ತಿಳಿವಳಿಕೆ. ಪೀಡಿಯಾಟ್ರಿಕ್ ಸೈಕಾಲಜಿ ಅದರ ಪಕ್ಕದ ಮನೆ. ಇಲ್ಲಿ ಮಗುವಿಗೆ ಮೈಯ ಕಾಯಿಲೆ ಇರುತ್ತದೆ. ಆ ಕಾಯಿಲೆಯ ಜೊತೆ ಮಗು, ಮನೆ, ಶಾಲೆ, ಆಸ್ಪತ್ರೆ ಹೇಗೆ ಬದುಕುತ್ತವೆ ಎಂಬುದು ನಮ್ಮ ಕೆಲಸ. ಸೂಜಿಯ ನೋವು, ಔಷಧಿ ತಪ್ಪಿಸುವುದು, ಆಪರೇಷನ್ನಿನ ಭಯ, ಕ್ಯಾನ್ಸರ್ ಗುಣವಾದ ಮೇಲೂ ಉಳಿಯುವ ಆತಂಕ ಎಲ್ಲ ಇದರೊಳಗೆ ಬರುತ್ತವೆ. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ಲೋಗನ್ ರೈಟ್ 1967ರಲ್ಲಿ ಬರೆದ ಒಂದು ಲೇಖನದಿಂದ ಈ ವೃತ್ತಿಗೆ ರೂಪ ಬಂತು. ಮರುವರ್ಷ ಸಂಘ ಹುಟ್ಟಿತು, ಈಗ ಅದು ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ನಿನ 54ನೇ ವಿಭಾಗ. 1976ರಿಂದ ಈ ಕ್ಷೇತ್ರದ್ದೇ ಒಂದು ಜರ್ನಲ್ ಬರುತ್ತಿದೆ. ಅಲ್ಲಿ ಪಿಎಚ್‌ಡಿ ಮಾಡುವವರು ಓದಿನ ನಡುವೆಯೇ ಆಸ್ಪತ್ರೆಯಲ್ಲಿ ಮಕ್ಕಳನ್ನು ನೋಡುತ್ತಾರೆ, ಕೊನೆಗೆ ಒಂದು ವರ್ಷ ಪೂರ್ತಿ ಇಂಟರ್ನ್‌ಶಿಪ್ ಇರುತ್ತದೆ. ನಮ್ಮಲ್ಲಿ ಸಂಶೋಧನೆಯ ಪದವಿ ಬೇರೆ, ರೋಗಿಗಳನ್ನು ನೋಡುವ ತರಬೇತಿ ಬೇರೆ. ಆ ಎರಡನ್ನು ಹೊಲಿಯುವ ಕೆಲಸ ನಿಮ್ಮ ಮೇಲೇ ಬೀಳುತ್ತದೆ. ಅದಕ್ಕೇ ವಾರ್ಡಿಗೆ ಹೋಗಿ ಅನ್ನುತ್ತಿರುವುದು.

ಅಲ್ಲಿ ಏನು ಸಿಗುತ್ತದೆ ಅನ್ನುವುದಕ್ಕೆ ಒಂದು ಸಂಗತಿ ಹೇಳುತ್ತೇನೆ. ಗುರುತು ಸಿಗದಂತೆ ಸ್ವಲ್ಪ ಬದಲಿಸಿದ್ದೇನೆ. ಟೈಪ್ 1 ಡಯಾಬಿಟಿಸ್ ಇರುವ ಹನ್ನೊಂದರ ಹುಡುಗ, ಮಲೆನಾಡಿನ ಒಂದು ಒಳಹಳ್ಳಿಯವನು. ಮನೆಯಲ್ಲಿ ಗ್ಲೂಕೋಮೀಟರಿನಲ್ಲಿ ನೋಡಿದ ಶುಗರ್ ಬರೆದಿಡಲು ಅವನಿಗೊಂದು ನೋಟ್‌ಬುಕ್ ಕೊಟ್ಟಿದ್ದರು. ತಂದು ತೋರಿಸಿದ. 118, 125, 110, 130. ಚೆಂದದ ಅಂಕಿಗಳು. ಆದರೆ ಮೂರು ತಿಂಗಳ ಶುಗರ್ ಸರಾಸರಿ ಹೇಳುವ ರಕ್ತಪರೀಕ್ಷೆ ಎಚ್‌ಬಿಎ1ಸಿ ಶೇ. 11ರ ಮೇಲಿತ್ತು. ಮಕ್ಕಳಲ್ಲಿ ಅದು ಶೇ. 7ರ ಕೆಳಗಿರಲಿ ಎಂಬುದು ಗುರಿ. ನೋಟ್‌ಬುಕ್ಕನ್ನು ಹತ್ತಿರ ಹಿಡಿದು ನೋಡಿದರೆ ಇಡೀ ತಿಂಗಳದ್ದೂ ಒಂದೇ ಪೆನ್ನು, ಒಂದೇ ಬೀಸಿನ ಬರಹ. ಹಾಳೆಯ ಮೇಲೆ ಒಂದು ರಕ್ತದ ಕಲೆಯಿಲ್ಲ, ಎಣ್ಣೆಯ ಬೆರಳಚ್ಚಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಬೆರಳು ಚುಚ್ಚಿಕೊಳ್ಳುವ ಮಗುವಿನ ಪುಸ್ತಕ ಹಾಗಿರುವುದಿಲ್ಲ.

"ಸುಳ್ಳು ಬರೆದಿದ್ದಾನೆ" ಎಂದು ಬೈದು ಕಳಿಸಬಹುದಿತ್ತು. ಅಮ್ಮನನ್ನು ಹೊರಗೆ ಕೂರಿಸಿ, ಜಾಸ್ತಿ ಬಂದ ದಿನ ಮನೆಯಲ್ಲಿ ಏನಾಗುತ್ತೆ ಅಂತ ಕೇಳಿದೆ. ತಲೆ ಎತ್ತದೆ ಹೇಳಿದ: "ಅಪ್ಪಯ್ಯ ಬೈತಾರೆ. ಅಮ್ಮ ಅಳ್ತಾಳೆ. ಅಜ್ಜಿ ತಿಂಡಿ ಡಬ್ಬ ಮೇಲಿಡ್ತಾಳೆ."

ಆ ಮನೆಯಲ್ಲಿ ದೊಡ್ಡ ಅಂಕಿ ಎಂದರೆ ತಪ್ಪು, ಸಣ್ಣ ಅಂಕಿ ಎಂದರೆ ಶಾಂತಿ. ಹುಡುಗ ಮನೆಯ ಶಾಂತಿ ಕಾಯುತ್ತಿದ್ದ. ಮೀಟರಿನ ಅಂಕಿ ಮಾರ್ಕ್ಸ್ ಅಲ್ಲ, ಇನ್ಸುಲಿನ್ ಎಷ್ಟು ಅಂತ ನಿರ್ಧರಿಸುವುದಕ್ಕೆ ಬೇಕಾದ ಮಾಹಿತಿ ಎಂದು ಅಪ್ಪಯ್ಯನಿಗೆ ತಿಳಿಸುವುದಕ್ಕೇ ತುಂಬ ಸಮಯ ಹಿಡಿಯಿತು. ಬೈಗುಳ ನಿಂತ ಮೇಲೆ ಪುಸ್ತಕದಲ್ಲಿ 290, 340 ಕಾಣಿಸತೊಡಗಿದವು, ಡಾಕ್ಟರಿಗೆ ಡೋಸ್ ಸರಿಪಡಿಸಲು ಆಗಲೇ ಸಾಧ್ಯವಾಯಿತು.

ಇದರಲ್ಲಿ ಒಂದು ಪೂರ್ತಿ ಪಿಎಚ್‌ಡಿ ಇದೆ. ಮೀಟರಿನ ಒಳಗಿನ ಮೆಮೊರಿಯ ಅಂಕಿಗೂ ಪುಸ್ತಕದ ಅಂಕಿಗೂ ಎಷ್ಟು ಅಂತರ? ಹೆಚ್ಚು ಶುಗರ್ ಬಂದಾಗ ಮನೆಯವರು ನಡೆದುಕೊಳ್ಳುವ ರೀತಿಗೂ ಆ ಅಂತರಕ್ಕೂ ಸಂಬಂಧ ಇದೆಯಾ? ಮನೆಯವರಿಗೆ ನಾಲ್ಕು ಸಲ ತರಬೇತಿ ಕೊಟ್ಟರೆ ಆ ಅಂತರ ಇಳಿಯುತ್ತದಾ? ಕುಟುಂಬದ ಒಳಜಗಳ ಹೆಚ್ಚಿದಷ್ಟೂ ಶುಗರ್ ಹತೋಟಿ ತಪ್ಪುತ್ತದೆ ಎಂದು ಹೊರದೇಶದ ಸಂಶೋಧನೆಗಳು ಬಹಳ ಹಿಂದೆಯೇ ತೋರಿಸಿವೆ. ಆದರೆ ಅಜ್ಜಿ, ದೊಡ್ಡಪ್ಪ, ಚಿಕ್ಕಮ್ಮ ಎಲ್ಲ ಒಂದೇ ಸೂರಿನಡಿ ಇರುವ ತೋಟದ ಮನೆಯಲ್ಲಿ ಇಂಜೆಕ್ಷನ್ನಿನ ಜವಾಬ್ದಾರಿ ಯಾರದು ಎಂದು ನೋಡಿ ಬರೆಯಬೇಕಾದವರು ಇಲ್ಲಿಯವರೇ.

ಮಲೆನಾಡಿನದ್ದೇ ಪ್ರಶ್ನೆಗಳು ಇನ್ನೂ ಇವೆ. ಜೂನ್‌ನಿಂದ ಆಗಸ್ಟ್ ತನಕ ಕರೆಂಟ್ ಯಾವಾಗ ಹೋಗುತ್ತದೆ, ಬಸ್ ಬರುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಜುಲೈಯಲ್ಲಿ ಕ್ಲಿನಿಕ್ ತಪ್ಪಿಸಿದ ಮಗುವನ್ನು "ಚಿಕಿತ್ಸೆಗೆ ಸಹಕರಿಸುವುದಿಲ್ಲ" ಎಂದು ಗುರುತು ಹಾಕಿಕೊಂಡರೆ ಮಳೆಯ ತಪ್ಪನ್ನು ಮಗುವಿನ ಲೆಕ್ಕಕ್ಕೆ ಬರೆದಂತಾಗುತ್ತದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲೂ ಹಾಗೆಯೇ, ಮನೆಯಲ್ಲಿ ಒಬ್ಬರಿಗೂ ಪುರುಸೊತ್ತಿರುವುದಿಲ್ಲ. ಶಾಲೆ ದೂರ ಎಂದು ಹಾಸ್ಟೆಲಿನಲ್ಲಿ ಬಿಟ್ಟ ಮಗುವಿಗೆ ರಾತ್ರಿ ಶುಗರ್ ಇಳಿದು ಮೈ ಬೆವತರೆ ಎಬ್ಬಿಸುವವರು ಯಾರು? ನಮ್ಮ ಕಡೆಯ ಎಷ್ಟೋ ಕುಟುಂಬಗಳು ದೊಡ್ಡ ಚಿಕಿತ್ಸೆಗೆ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತವೆ. ಒಂದು ಮಗುವಿನ ಜೊತೆ ಅಮ್ಮ ಘಟ್ಟದ ಕೆಳಗೆ, ಇನ್ನೊಂದು ಮಗು ಮೇಲೆ ಅಜ್ಜಿಯ ಹತ್ತಿರ. ಆ ಮನೆಯಲ್ಲೇ ಉಳಿದ ಮಗುವಿನ ಬಗ್ಗೆ ಯಾರಾದರೂ ಕೆಲಸ ಮಾಡಲಿ ಎಂಬುದು ನನ್ನ ಬಹುದಿನದ ಆಸೆ.

ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಕೇಳಿರುತ್ತೀರಿ. ಮೂಳೆ, ಕೀಲುಗಳನ್ನು ಬಾಧಿಸುವ, ವಂಶದಲ್ಲಿ ಹರಿದು ಬರುವ ಆ ಕಾಯಿಲೆ 1970ರ ದಶಕದಲ್ಲಿ ಬೆಳಕಿಗೆ ಬಂತು. ಮೂಳೆಯ ಬಗ್ಗೆ, ವಂಶವಾಹಿಯ ಬಗ್ಗೆ ಅಧ್ಯಯನಗಳಾದವು. ಅಂಥ ಮನೆಯಲ್ಲಿ ಅಪ್ಪನ ನಡಿಗೆ ನೋಡುತ್ತಾ ಬೆಳೆಯುವ ಮಗು ತನ್ನ ಮೈಯ ಬಗ್ಗೆ ಏನು ಅಂದುಕೊಳ್ಳುತ್ತದೆ ಎಂದು ಕೇಳಬೇಕಾದ್ದು ಮನಶ್ಶಾಸ್ತ್ರದವರು. ಆದರೆ ತಮ್ಮ ಊರಿನ ಹೆಸರೇ ಕಾಯಿಲೆಗೆ ಅಂಟಿಕೊಂಡ ಜನ ಅವರು. ಅಲ್ಲಿನವರ ವಿಶ್ವಾಸ ಗಳಿಸದೆ ಪ್ರಶ್ನಾವಳಿ ಹಿಡಿದು ಹೋಗಬೇಡಿ. ಮೊದಲ ಸಂಶೋಧನೆಗೆ ಅದು ಬೇಡ ಎಂದೇ ನನ್ನ ಸಲಹೆ.

ಇನ್ನು ನಿಯಮಗಳು. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳ ಪ್ರಕಾರ ಸ್ನಾತಕೋತ್ತರದಲ್ಲಿ ಶೇ. 55 ಬೇಕು, ಮೀಸಲಾತಿ ವರ್ಗಗಳಿಗೆ ಶೇ. 5 ರಿಯಾಯಿತಿ. ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6, ಮಹಿಳೆಯರಿಗೆ ಇನ್ನೂ 2 ವರ್ಷ ಸಡಿಲಿಕೆ ಇದೆ. ಕೆಲಸದಲ್ಲಿದ್ದರೆ ಪಾರ್ಟ್‌ಟೈಮ್ ಮಾಡಬಹುದು, ಅಂಚೆ ಮೂಲಕ, ಆನ್‌ಲೈನ್ ಮೂಲಕ ಕೊಡುತ್ತೇವೆ ಅನ್ನುವವರನ್ನು ನಂಬಬೇಡಿ. 2024ರ ಜೂನ್ ಸುತ್ತಿನಿಂದ ಯುಜಿಸಿಯ ಅರ್ಹತಾ ಪರೀಕ್ಷೆಯಾದ ನೆಟ್‌ನ ಅಂಕಗಳು ಪಿಎಚ್‌ಡಿ ಪ್ರವೇಶಕ್ಕೂ ಲೆಕ್ಕಕ್ಕೆ ಬರುತ್ತಿವೆ. ಅದರಲ್ಲಿ ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಜೊತೆಗೆ ಮನೆಬಾಡಿಗೆ ಭತ್ಯೆ. ಆದ್ದರಿಂದ ನೆಟ್ ತಯಾರಿಯನ್ನು ಈಗಲೇ ಶುರು ಮಾಡಿ. ಕೈಯಲ್ಲಿ ಫೆಲೋಶಿಪ್ ಇದ್ದರೆ ವಿಷಯದ ಬಗ್ಗೆ ಗಟ್ಟಿಯಾಗಿ ಮಾತಾಡಲು ಧೈರ್ಯ ಬರುತ್ತದೆ.

ಒಂದು ವಿಷಯ ಮಾತ್ರ ದಯವಿಟ್ಟು ಚೆನ್ನಾಗಿ ನೆನಪಿಡಿ: ಪಿಎಚ್‌ಡಿ ಒಂದರಿಂದಲೇ ನೀವು ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಆ ಹೆಸರಿಟ್ಟುಕೊಂಡು ಕೆಲಸ ಮಾಡಲು ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ, ಅಂದರೆ ಆರ್‌ಸಿಐ ಮಾನ್ಯ ಮಾಡಿದ ತರಬೇತಿ ಮತ್ತು ನೋಂದಣಿ ಬೇಕು. ಇದುವರೆಗೆ ಮುಖ್ಯ ದಾರಿ ಎರಡು ವರ್ಷದ ಎಂ.ಫಿಲ್. ಆಗಿತ್ತು. ಯುಜಿಸಿ ಎಂ.ಫಿಲ್. ಅನ್ನೇ ನಿಲ್ಲಿಸಿದಾಗ ಕ್ಲಿನಿಕಲ್ ಸೈಕಾಲಜಿಗೆ 2025–26ರ ಪ್ರವೇಶದ ತನಕ ವಿನಾಯಿತಿ ಕೊಟ್ಟಿತ್ತು. ಪದ್ಧತಿ ಬದಲಾಗುತ್ತಿರುವ ಹೊತ್ತಿದು. ಯಾವ ಕೋರ್ಸಿಗೇ ದುಡ್ಡು ಕಟ್ಟುವ ಮೊದಲು ಆ ವರ್ಷದ ಮಾನ್ಯತೆ ಇದೆಯಾ ಎಂದು ಆರ್‌ಸಿಐ ಜಾಲತಾಣದಲ್ಲೇ ನೋಡಿ, ಕಾಲೇಜಿನವರ ಬಾಯಿಮಾತು ಸಾಲದು. ನಿಮಗೆ ಸಂಶೋಧನೆ, ಪಾಠ ಎರಡೇ ಸಾಕು ಅನ್ನಿಸಿದರೆ ಇದು ಕಡ್ಡಾಯವಲ್ಲ. ಮಕ್ಕಳಿಗೆ ಚಿಕಿತ್ಸೆಯನ್ನೂ ಕೊಡಬೇಕು ಅನ್ನಿಸಿದರೆ ಮನೆಯವರ ಜೊತೆ ಕೂತು ಎರಡು ವರ್ಷ ಹೊರಗಿರುವ ಮಾತು ಈಗಲೇ ಆಡಿ. ಈ ತರಬೇತಿಗೆ ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್, ಮಣಿಪಾಲ ನಮಗೆ ಹತ್ತಿರದವು. ಬೆಂಗಳೂರು ಆಗದಿದ್ದರೂ ಧಾರವಾಡ ಆಗಬಹುದು.

ಗೈಡ್ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತ. ಇಬ್ಬರು ಬೇಕು, ಒಬ್ಬರು ಮನಶ್ಶಾಸ್ತ್ರದವರು, ಇನ್ನೊಬ್ಬರು ಮಕ್ಕಳ ವೈದ್ಯರು. ಯುಜಿಸಿ ನಿಯಮದಲ್ಲಿ ಬೇರೆ ವಿಭಾಗದವರನ್ನೂ ಬೇರೆ ಸಂಸ್ಥೆಯವರನ್ನೂ ಕೋ-ಗೈಡ್ ಮಾಡಿಕೊಳ್ಳಲು ಅವಕಾಶವಿದೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಾಗಲಿ ಬೇರೆಡೆಯಾಗಲಿ, ಮೊದಲು ಗೈಡ್ ಬಳಿ ಸೀಟು ಖಾಲಿ ಇದೆಯಾ ಕೇಳಿ. ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4 ವಿದ್ಯಾರ್ಥಿಗಳ ಮಿತಿ ಇದೆ. ಶಿವಮೊಗ್ಗದಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜಾದ ಸಿಮ್ಸ್‌ಗೆ ಸೇರಿದ ಮೆಗ್ಗಾನ್ ಆಸ್ಪತ್ರೆ ಇದೆ, ಸುತ್ತಲಿನ ತಾಲ್ಲೂಕುಗಳ ಮಕ್ಕಳು ಅಲ್ಲಿಗೆ ಬರುತ್ತಾರೆ. ದಿವಂಗತ ಡಾ. ಅಶೋಕ್ ಪೈ ಅವರು ಮನೋವೈದ್ಯಕೀಯವನ್ನು ಕನ್ನಡದಲ್ಲಿ ಬರೆದು ಮನೆಮನೆಗೆ ಮುಟ್ಟಿಸಿದ ಊರು ಇದು. ಹಾಗಾಗಿ ಮನಸ್ಸಿನ ಕಾಯಿಲೆಯ ಮಾತು ಇಲ್ಲಿ ಹೊಸದಲ್ಲ.

ಮಕ್ಕಳ ವೈದ್ಯರ ಬಳಿ ಹೋಗುವಾಗ ಪ್ರಪೋಸಲ್ ಹಿಡಿದು ಹೋಗಬೇಡಿ. "ನಿಮ್ಮ ಒಪಿಡಿಯಲ್ಲಿ ಔಷಧಿ ಕೊಟ್ಟೂ ಸರಿಹೋಗದ ಮಕ್ಕಳು ಯಾರು?" ಎಂದು ಕೇಳಿ. ಅರ್ಧ ಗಂಟೆ ಮಾತಾಡುತ್ತಾರೆ. ಅದನ್ನು ಬರೆದುಕೊಳ್ಳಿ.

ಪರೀಕ್ಷೆ, ಮಾಪನಗಳ ಬಗ್ಗೆ: ಬುದ್ಧಿಮಟ್ಟ ಅಳೆಯುವ ಬಿನೆ-ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತ್ ಅವರು ಕನ್ನಡ, ಮರಾಠಿ ಮಕ್ಕಳಿಗೆಂದೇ ಒಗ್ಗಿಸಿದ್ದು. ಬೆಳವಣಿಗೆ ನೋಡಲು ಭರತ್‌ರಾಜ್ ಅವರ ಡಿಎಸ್‌ಟಿ ಎಂಬ ಪರೀಕ್ಷೆ ಇದೆ. ಆದರೆ ನಿಮಗೆ ಬೇಕಾದದ್ದು ಬುದ್ಧಿಯ ಅಳತೆಯಲ್ಲ. ನೋವು, ಕಾಯಿಲೆಯ ಜೊತೆಗಿನ ಜೀವನದ ಗುಣಮಟ್ಟ, ಔಷಧಿ ಪಾಲನೆ, ಅಪ್ಪ-ಅಮ್ಮನ ಒತ್ತಡ. ನೋವಿಗೆ ಆರು ಮುಖಗಳ ಚಿತ್ರಪಟ್ಟಿ ಒಳ್ಳೆಯದು, ಓದು ಬಾರದ ಮಗುವೂ ಬೆರಳಿಟ್ಟು ತೋರಿಸುತ್ತದೆ. ಉಳಿದವನ್ನು ಹಕ್ಕುದಾರರ ಅನುಮತಿ ಪಡೆದು ಕನ್ನಡಕ್ಕೆ ತಂದು, ಇಲ್ಲಿಯ ಮಕ್ಕಳ ಮೇಲೆ ಪರೀಕ್ಷಿಸಬೇಕು. ಅದಕ್ಕೇ ಒಂದು ವರ್ಷ ಇಡಿ.

ಎಲ್ಲ ಕಾಯಿಲೆಯ ಮಕ್ಕಳೂ ಖಿನ್ನರಾಗಿರುತ್ತಾರೆ ಎಂಬ ಊಹೆಯಿಂದ ಶುರು ಮಾಡಬೇಡಿ. ಈ ಕ್ಷೇತ್ರದ ಸಂಶೋಧಕಿ ಆ್ಯನ್ ಕಜಾಕ್ ಅವರ ತ್ರಿಕೋನದ ಮಾದರಿ ಓದಿ. ಕೆಳಗೆ ಅಗಲವಾದ ಭಾಗದಲ್ಲಿ, ಕಷ್ಟಪಟ್ಟರೂ ನಿಭಾಯಿಸುವ ಕುಟುಂಬಗಳು, ಮಧ್ಯೆ ಸ್ವಲ್ಪ ನೆರವು ಬೇಕಾದವರು, ತುದಿಯಲ್ಲಿ ತಜ್ಞರ ಚಿಕಿತ್ಸೆ ಬೇಕಾದ ಕೆಲವರು. ನಮ್ಮ ವಾರ್ಡಿನಲ್ಲೂ ಹೀಗೇ ಕಂಡಿದ್ದೇನೆ. ನಿಭಾಯಿಸುವವರು ಹೇಗೆ ನಿಭಾಯಿಸುತ್ತಾರೆ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಇಲ್ಲದೆ ಒಂದು ಮಗುವಿನ ಡೇಟಾವನ್ನೂ ಮುಟ್ಟಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಅಪ್ಪ-ಅಮ್ಮನ ಸಹಿಯ ಜೊತೆ ಏಳು ದಾಟಿದ ಮಗುವಿನ ಬಾಯಿಮಾತಿನ ಸಮ್ಮತಿಯೂ, ಹನ್ನೆರಡು ದಾಟಿದರೆ ಬರವಣಿಗೆಯ ಸಮ್ಮತಿಯೂ ಬೇಕು. ಮಗು ಬೇಡ ಅಂದರೆ ಬೇಡ. ಡಾಕ್ಟರ್ ಎದುರಿಗಿದ್ದಾಗ ಯಾವ ಅಮ್ಮನೂ ಇಲ್ಲ ಅನ್ನುವುದಿಲ್ಲ, ಆದ್ದರಿಂದ ಸಮ್ಮತಿ ಕೇಳುವಾಗ ಡಾಕ್ಟರ್ ಪಕ್ಕದಲ್ಲಿರುವುದು ಬೇಡ.

ಸ್ಯಾಂಪಲ್ ವಿಷಯದಲ್ಲಿ ಮೇಷ್ಟ್ರ ಮಾತಿನಲ್ಲಿ ಸತ್ಯವಿದೆ. ಕಾಲೇಜಿನಲ್ಲಿ ಒಂದೇ ದಿನಕ್ಕೆ ಇನ್ನೂರು ಫಾರಂ ತುಂಬಿಸಬಹುದು, ಒಂದು ಡಯಾಬಿಟಿಸ್ ಕ್ಲಿನಿಕ್ಕಿನಲ್ಲಿ ಆಗುವುದಿಲ್ಲ. ಆದ್ದರಿಂದ ಸಂಶೋಧನೆಯ ರೂಪುರೇಷೆಯಾದ ಸಿನಾಪ್ಸಿಸ್‌ನಲ್ಲಿ 300 ಮಕ್ಕಳು ಎಂದು ಬರೆಯಲೇಬೇಡಿ. ಎರಡು ಮೂರು ಆಸ್ಪತ್ರೆ ಸೇರಿಸಿ, ಕಡಿಮೆ ಮಕ್ಕಳನ್ನು ಹೆಚ್ಚು ಸಲ ನೋಡುವ ವಿನ್ಯಾಸ ಇಟ್ಟುಕೊಳ್ಳಿ, ಸಂದರ್ಶನಗಳನ್ನೂ ಸೇರಿಸಿ. ಮೇಷ್ಟ್ರ ಬಳಿ "ನಿಮ್ಮ ವಿಷಯ ಬೇಡ" ಅನ್ನುವುದಕ್ಕಿಂತ "ಇಷ್ಟು ಮಕ್ಕಳು ಸಿಗುತ್ತಾರೆ, ಇಂಥ ಡಾಕ್ಟರ್ ಒಪ್ಪಿದ್ದಾರೆ" ಎಂದು ಕಾಗದದಲ್ಲಿ ತೋರಿಸಿ. ಅವರ ಭಯ ನೀವು ಅರ್ಧಕ್ಕೆ ಬಿಡುತ್ತೀರೆಂಬುದು. ಕೈಯಲ್ಲಿ ಡಾಕ್ಟರ ಒಪ್ಪಿಗೆ ಪತ್ರ ಇದ್ದರೆ ಮಾತಿನ ಧಾಟಿ ಬದಲಾಗುತ್ತದೆ.

ಪೀಡಿಯಾಟ್ರಿಕ್ ಸೈಕಾಲಜಿಸ್ಟ್ ಎಂಬ ಹುದ್ದೆ ನಮ್ಮ ಜಿಲ್ಲೆಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಪದವಿ ಮುಗಿದ ಮೇಲೆ ಕಾಲೇಜಿನಲ್ಲಿ ಪಾಠ, ಮೆಡಿಕಲ್ ಕಾಲೇಜಿನ ಮನೋವೈದ್ಯ ವಿಭಾಗ, ಅಥವಾ 2013ರಲ್ಲಿ ಶುರುವಾದ, ಮಕ್ಕಳ ಆರೋಗ್ಯ ತಪಾಸಣೆಯ ಆರ್‌ಬಿಎಸ್‌ಕೆ ಯೋಜನೆಯ ಜಿಲ್ಲಾ ಕೇಂದ್ರಗಳು, ಇವೇ ಸದ್ಯದ ದಾರಿಗಳು. ಮನೆಯಲ್ಲಿ ಸಂಬಳದ ಪ್ರಶ್ನೆ ಬಂದಾಗ ಇದನ್ನು ಮುಚ್ಚಿಡಬೇಡಿ.

ಮೊದಲ ಎರಡು ತಿಂಗಳ ವಾರ್ಡಿನ ಟಿಪ್ಪಣಿಗಳಿಂದ ಒಂದು ಪುಟದ ಪ್ರಶ್ನೆ ಬರೆದು, ಮಕ್ಕಳ ಹೆಸರು, ಊರು ತೆಗೆದು ಇಲ್ಲಿ ಹಾಕಿ. ಓದಿ, ಎಲ್ಲಿ ಸಡಿಲವಿದೆ ಎಂದು ಖಂಡಿತ ಹೇಳುತ್ತೇನೆ.