ಬೀದಿಗಿಳಿದರೆ ಗರ್ಭಪಾತದ ಹಕ್ಕು ಉಳಿಯುತ್ತಾ?

ಉತ್ತರ: ಹೆರಿಗೆ ತಜ್ಞೆ, ಕೊಪ್ಪಳ

ಪ್ರಶ್ನೆ: ಅಮೆರಿಕ, ಪೋಲೆಂಡ್‌ಗಳಲ್ಲಿ ಗರ್ಭಪಾತದ ಹಕ್ಕು ಕಿತ್ತುಕೊಂಡಾಗ ಅಷ್ಟೊಂದು ಜನ ಬೀದಿಗಿಳಿದರು. ಏನೂ ಬದಲಾಗಲಿಲ್ಲ. ಹೋರಾಟ ಸುಮ್ನೆ ಅಲ್ವಾ ಮೇಡಂ? (ಗಂಗಾವತಿಯ ಓದುಗರು)

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಏನೂ ಬದಲಾಗಲಿಲ್ಲ ಅಂತ ಯಾರು ಹೇಳಿದರು?

ಪೋಲೆಂಡ್‌ನಲ್ಲಿ 2016ರಲ್ಲಿ ಗರ್ಭಪಾತವನ್ನು ಹೆಚ್ಚುಕಡಿಮೆ ಪೂರ್ತಿ ನಿಷೇಧಿಸುವ ಮಸೂದೆ ಬಂತು. ಅಕ್ಟೋಬರ್ 3ರಂದು ಹೆಂಗಸರು ಕೆಲಸ ಬಿಟ್ಟು, ಕಪ್ಪು ಬಟ್ಟೆ ತೊಟ್ಟು ಹೊರಗೆ ಬಂದರು. ಮೂರೇ ದಿನಕ್ಕೆ ಮಸೂದೆ ಬಿತ್ತು. 2020ರಲ್ಲೂ ಜನ ಭಾರೀ ಸಂಖ್ಯೆಯಲ್ಲಿ ಸೇರಿದರು, ಆದರೂ ನಿರ್ಬಂಧ ಜಾರಿಯಾಯಿತು. ಯಾಕೆಂದರೆ ಆ ಸಲ ತೀರ್ಮಾನ ಬಂದಿದ್ದು ಸಾಂವಿಧಾನಿಕ ನ್ಯಾಯಮಂಡಳಿಯಿಂದ. ಓಟು ಕೇಳುವವರಿಗೆ ಜನರ ಅಂಜಿಕೆ ಇರುತ್ತದೆ, ತೀರ್ಪು ಬರೆಯುವವರಿಗೆ ಇರುವುದಿಲ್ಲ. 2023ರಲ್ಲಿ ಆಳುವ ಪಕ್ಷ ಬಹುಮತ ಕಳೆದುಕೊಂಡಿತು. ಹಾಗಿದ್ದೂ 2024ರಲ್ಲಿ ಕಾನೂನು ಸಡಿಲಿಸುವ ಮಸೂದೆ ಮೂರು ಮತಗಳಿಂದ ಸೋತಿತು.

ಅಮೆರಿಕದ ಸುಪ್ರೀಂ ಕೋರ್ಟ್, ಗರ್ಭಪಾತದ ಹಕ್ಕು ಕೊಟ್ಟಿದ್ದ ತನ್ನದೇ 1973ರ ತೀರ್ಪನ್ನು 2022ರ ಜೂನ್‌ನಲ್ಲಿ ರದ್ದು ಮಾಡಿತು. ಆರು ವಾರ ಕಳೆಯುವುದರೊಳಗೆ ಅಲ್ಲಿನ ಕಾನ್ಸಸ್ ರಾಜ್ಯದ ಮತದಾರರು ತಮ್ಮ ರಾಜ್ಯದ ಸಂವಿಧಾನದಿಂದ ಈ ಹಕ್ಕು ತೆಗೆಯುವ ತಿದ್ದುಪಡಿಯನ್ನೇ ತಿರಸ್ಕರಿಸಿದರು.

ಐರ್ಲೆಂಡ್ ಕಥೆ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ ನೆಲೆಸಿದ್ದ ಸವಿತಾ ಹಾಲಪ್ಪನವರ್ ಬೆಳಗಾವಿಯ ಮಗಳು. 17 ವಾರದ ಬಸಿರು ನಿಲ್ಲುವುದಿಲ್ಲ ಅಂತ ಗೊತ್ತಾಗಿತ್ತು. ತೆಗೆಯಿರಿ ಅಂತ ಕೇಳಿಕೊಂಡರು. ಮಗುವಿನ ಎದೆಬಡಿತ ಇದೆ ಅಂತ ಆಸ್ಪತ್ರೆಯವರು ತೆಗೆಯಲಿಲ್ಲ. ಮೈಗೆಲ್ಲ ನಂಜೇರಿ 2012ರ ಅಕ್ಟೋಬರ್ 28ರಂದು ತೀರಿಕೊಂಡರು. ಜನ ಮೇಣದಬತ್ತಿ ಹಿಡಿದು ನಿಂತರು, ಆದರೆ ಅಷ್ಟಕ್ಕೇ ಬಿಡಲಿಲ್ಲ. ಗರ್ಭಪಾತಕ್ಕೆ ತಡೆ ಇದ್ದದ್ದು ಆ ದೇಶದ ಸಂವಿಧಾನದಲ್ಲಿ, ಅದನ್ನು ತೆಗೆಯಲು ಜನರ ಮತವೇ ಬೇಕು. ಹಾಗಾಗಿ ಮನೆಮನೆಯ ಬಾಗಿಲು ತಟ್ಟಿದರು. 2018ರ ಮೇ 25ರಂದು ನೂರಕ್ಕೆ 66 ಮಂದಿ ತಡೆ ಬೇಡ ಅಂದರು. ಐದೂವರೆ ವರ್ಷ ಹಿಡಿಯಿತು.

ನಮ್ಮಲ್ಲಿ ಡಿಸಿ ಆಫೀಸ್ ಮುಂದೆ ಮನವಿ ಕೊಟ್ಟು, ಫೋಟೊ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ನಮಗೆ ಕಾನೂನು 1971ರಿಂದಲೇ ಇದೆ. ಅಡ್ಡ ಬರುವುದು ಆಸ್ಪತ್ರೆಯ ಕಿಟಕಿಯಲ್ಲಿ "ಗಂಡನ ಸಹಿ ತನ್ನಿ" ಅನ್ನುವ ದನಿ. ಹೋರಾಟ ಮಾಡುವವರು ಆ ಕಿಟಕಿಯ ಮುಂದೆ ನಿಲ್ಲಿ.

ಪ್ರಶ್ನೆ: ಗಂಡನ ಸಹಿ ಬೇಕಾ?

ಬೇಡ. 18 ತುಂಬಿದ್ದರೆ ಆಕೆಯ ಒಪ್ಪಿಗೆ ಸಾಕು.

ಪ್ರಶ್ನೆ: ಮದುವೆ ಆಗಿಲ್ಲ, ಮಾಡಿಸಬಹುದಾ?

ಹೌದು. ನಮ್ಮ ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದೇ ಸ್ಪಷ್ಟವಾಗಿ ಹೇಳಿದೆ.

ಪ್ರಶ್ನೆ: ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ನುಂಗಿದರೆ?

ಕೈಮುಗಿದು ಕೇಳುತ್ತೇನೆ, ಬೇಡ. ಹೋದ ಮಳೆಗಾಲ ಕುಷ್ಟಗಿ ಕಡೆಯ ಒಬ್ಬ ಹುಡುಗಿ ಪೇಪರಿನಲ್ಲಿ ಸುತ್ತಿದ್ದ ಗುಳಿಗೆಯ ಖಾಲಿ ಶೀಟನ್ನು ನನ್ನ ಟೇಬಲ್ ಮೇಲೆ ಇಟ್ಟಳು. ತುಟಿ ಬಿಳಚಿಕೊಂಡಿತ್ತು. ಗರ್ಭ ಕಟ್ಟಿದ್ದು ಗರ್ಭಕೋಶದಲ್ಲಲ್ಲ, ಅಂಡನಾಳದಲ್ಲಿ. ಅಂಥದ್ದು ಗುಳಿಗೆಗೆ ಹೋಗುವುದಿಲ್ಲ, ನಾಳ ಒಡೆದು ಹೊಟ್ಟೆಯೊಳಗೇ ರಕ್ತ ಹರಿಯುತ್ತದೆ. ಮೊದಲು ಸ್ಕ್ಯಾನ್ ಮಾಡಿಸಿ. ನಾಟಿ ಔಷಧಿ ಕೊಡುವವರ ಹೊಸ್ತಿಲು ತುಳಿಯಲೇಬೇಡಿ.